ಹಾಯಿಕಂಬದ ತುದಿಯ ಗಿಣಿ

ಅಗಸೆ ಹುರಿಯುವ ವಾಸನೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನೀವು ನಮ್ಮ ಕಡೆಯವರಲ್ಲ. ಅಡ್ಡಿಯಿಲ್ಲ, ಬನ್ನಿ, ಕೂತುಕೊಳ್ಳಿ, ಹೇಳುತ್ತೇನೆ. ಬಾಣಲೆ ಕಾದು ಬೀಜಗಳು ಚಟಪಟ ಸಿಡಿಯತೊಡಗಿದಾಗ ಮೊದಲು ಹಸಿ ಎಣ್ಣೆಯ ಒಂದು ಅಂಟು ವಾಸನೆ ಏಳುತ್ತದೆ. ಆಮೇಲೆ ಅದೇ ಘಮಘಮ ಅನ್ನುತ್ತದೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಒಲೆಯ ಮುಂದೆ ನಿಂತು ಅಗಸೆ ಹುರಿಯುತ್ತಿದ್ದಳು. ಅಗಸೆ ಚಟ್ನಿ ಎದೆಗೆ ಒಳ್ಳೆಯದೆಂದು ಯಾರೋ ಹೇಳಿದ್ದಾರಂತೆ. ನೌಕರಿಯಲ್ಲಿದ್ದಷ್ಟು ಕಾಲ ನನ್ನ ಎದೆಯೊಳಗೆ ಏನಿದೆ ಎಂದು ಒಮ್ಮೆಯೂ ವಿಚಾರಿಸದವಳು, ಪಿಂಚಣಿ ಶುರುವಾದ ಮೇಲೆ ಅದರ ಬಗ್ಗೆ ವಿಪರೀತ ಕಾಳಜಿ ಮಾಡತೊಡಗಿದ್ದಾಳೆ. ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಆ ಹಸಿ ಎಣ್ಣೆಯ ವಾಸನೆ ಬಡಿದದ್ದೇ ತಡ, ಮನೆಯೂ ಹೋಯಿತು, ಚಟ್ನಿಯೂ ಹೋಯಿತು. ಉದ್ದನೆಯದೊಂದು ಹಾಯಿಕಂಬ ಕಣ್ಣ ಮುಂದೆ ಬಂದು ನಿಂತಿತು. ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದವರು ನಮ್ಮ ಶರಣಪ್ಪ ಮಾಸ್ತರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕುಷ್ಟಗಿ ಕಡೆಯವನು. ಹೊಸದಾಗಿ ಮಾಸ್ತರಿಕೆ ಸಿಕ್ಕು, ಹಿಟ್ನಾಳದಿಂದ ಒಳಗೆ ಹೋದರೆ ಸಿಗುವ, ತುಂಗಭದ್ರೆಯ ಹಿನ್ನೀರಿನ ದಂಡೆಯ ಒಂದು ಹಳ್ಳಿಗೆ ಬಂದಿದ್ದೆ. ಅಷ್ಟು ನೀರನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಮೊದಲ ದಿನ ದಂಡೆಗೆ ಹೋಗಿ ನಿಂತಾಗ, ಇದನ್ನೆಲ್ಲ ಯಾರು ಸೇದಿ ಮುಗಿಸಬೇಕಪ್ಪಾ ಅಂತ ಅನ್ನಿಸಿತ್ತು. ನನ್ನ ವಿದ್ಯೆಯ ಆಳ ಅಷ್ಟೇ ಇತ್ತೆಂದು ಇಟ್ಟುಕೊಳ್ಳಿ. ಅದೇ ಶಾಲೆಯಲ್ಲಿ ಶರಣಪ್ಪನವರು ಚಿತ್ರಕಲೆಯ ಮಾಸ್ತರು. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಬಾಡಿಗೆಗಿದ್ದೆ ಎನ್ನುವುದು ಹೆಸರಿಗೆ. ಊಟ ಅವರಲ್ಲೇ, ಹರಟೆ ಅವರಲ್ಲೇ, ಜ್ವರ ಬಂದರೆ ಕಷಾಯವೂ ಅವರದೇ.

ಮಾಸ್ತರರ ಊರು ಯಲಬುರ್ಗಾ ಕಡೆಯ ಬೇವೂರು. ಬೇವೂರಿನ ಎರೆಹೊಲದಲ್ಲಿ ಜೋಳ ಬೆಳೆದ ಮನೆತನ. ಅಂಥ ಊರಿನ ಮನುಷ್ಯ ಒಂದು ದಿನ ಹಾಯಿದೋಣಿ ಕೊಂಡುಬಿಟ್ಟರು! ಆಂಧ್ರದ ಕಡೆಯಿಂದ ಬಂದು ಹಿನ್ನೀರಿನ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಬೆಸ್ತರು ಹಳೆಯದೊಂದು ದೋಣಿಯನ್ನು ಮಾರುತ್ತಿದ್ದರು. ಮಾಸ್ತರು ಹೋಗಿ ನೋಡಿ, ಎಮ್ಮೆ ವ್ಯಾಪಾರ ಮಾಡುವವರ ಹಾಗೆ ಅದರ ಬೆನ್ನು ಚಪ್ಪರಿಸಿ, ಸುತ್ತು ಹಾಕಿ, ಕೊನೆಗೆ ತಲೆಯೆತ್ತಿ ಕಂಬವನ್ನು ನೋಡಿದರು. ನೋಡಿದವರು ನೋಡುತ್ತಲೇ ನಿಂತರು. ವಿಷಯ ಬೇವೂರಿಗೆ ಮುಟ್ಟಿದಾಗ ಅವರ ತಂದೆ, "ಶರಣ್ಯಾಗ ಗಾಳಿಗೀಳಿ ಬಡದೈತೇನ ನೋಡ್ರಪಾ, ತಾಯಿತ ಕಟ್ಟಸ್ರಿ" ಅಂದರಂತೆ.

ಆದರೆ ಹುಚ್ಚು ಅನ್ನುವ ಹಾಗಿರಲಿಲ್ಲ. ದೋಣಿಗೆ ಒಂದು ಕಾರಣವಿತ್ತು. ಮಾಸ್ತರರ ಹೆಂಡತಿ ಪಾರವ್ವ ಹಿನ್ನೀರಿನ ಆಚೆ ದಂಡೆಯ ಊರಿನವರು. ತಾಯಿಗೆ ಒಬ್ಬಳೇ ಮಗಳು. ತಂದೆ ಇರಲಿಲ್ಲ. ತಾಯಿ ತನ್ನ ಮೈದುನನ ಸಂಸಾರದ ಜೊತೆಗಿದ್ದಳು. ಆ ಮುದುಕಿ ಒಮ್ಮೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೊರಸಿನಿಂದ ಏಳುವಂತಿರಲಿಲ್ಲ. ಹಿಡಿದು ಕೂಡಿಸಿದರೆ ಕೂಡುತ್ತಿದ್ದಳು, ಅಷ್ಟೇ. ತಾಯಿಯನ್ನು ತನ್ನ ಮನೆಗೆ ಕರೆತಂದು ತಾನೇ ಜೋಪಾನ ಮಾಡಬೇಕು ಅನ್ನುವುದು ಪಾರವ್ವನವರ ಜೀವದ ಆಸೆ. ಬಸ್ಸಿನ ದಾರಿಯಲ್ಲಾದರೆ ಆಣೆಕಟ್ಟು ಸುತ್ತಿ, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಮುಂದೆ ಕುಲುಕುವ ರಸ್ತೆ. ಸೊಂಟ ಮುರಿದವಳು ಆ ದಾರಿಯಲ್ಲಿ ಬದುಕಿ ಬರುವುದು ದೂರದ ಮಾತು. ಬೆಸ್ತರ ಹರಿಗೋಲಿನಲ್ಲಿ ಹೊರಸು ಹಿಡಿಯುವುದಿಲ್ಲ, ಅದು ಗರಗರ ತಿರುಗುತ್ತದೆ ಬೇರೆ. ಆದರೆ ದೋಣಿಯಲ್ಲಿ ಹೊರಸನ್ನು ಹಾಗೇ ಉದ್ದಕ್ಕೆ ಇಡಬಹುದು. ಮೋಡವಿಲ್ಲದ ದಿನ ನಮ್ಮ ದಂಡೆಯಲ್ಲಿ ನಿಂತರೆ ಆಚೆಯ ಊರಿನ ಒಲೆಯ ಹೊಗೆ ಕಾಣುತ್ತಿತ್ತು. ಪಾರವ್ವ ಬಟ್ಟೆ ಒಗೆಯಲು ಬಂದವರು ಆ ಕಡೆ ನೋಡಿ, "ನಮ್ಮವ್ವಗ ಅಂಬಲಿ ಕಾಸ್ಯಾರ ನೋಡ್ರಿ" ಅನ್ನುತ್ತಿದ್ದರು, ಆ ಹೊಗೆಯಲ್ಲಿ ಅಂಬಲಿಯ ಹೊಗೆ ಬೇರೆ ಕಾಣುತ್ತದೆಂಬಂತೆ.

ಅಡುಗೆಮನೆಯ ಪಕ್ಕದ ಒಂದು ಮೂಲೆಯನ್ನು ಅವರು ಆಗಲೇ ಖಾಲಿ ಮಾಡಿ ಸಾರಿಸಿ ಇಟ್ಟಿದ್ದರು. ಅದಕ್ಕೆ ಅವ್ವನ ಮೂಲೆ ಎಂದೇ ಹೆಸರು. ನಾನು ಒಮ್ಮೆ ಮರೆತು ಅಲ್ಲಿ ನನ್ನ ಟ್ರಂಕು ಇಡಲು ಹೋಗಿ ಬೈಸಿಕೊಂಡಿದ್ದೇನೆ.

ಹಿನ್ನೀರಿನ ದಂಡೆಯಲ್ಲಿ ಇರದವರಿಗೆ ಅದರ ಗುಣ ಹೇಳಬೇಕು. ಅದು ವರ್ಷವೆಲ್ಲ ಒಂದೇ ಕಡೆ ಇರುವ ನೀರಲ್ಲ. ಶ್ರಾವಣದ ಹೊತ್ತಿಗೆ ತುಂಬಿ ಬಂದು ಊರ ಬೇಲಿಗೆ ತಾಗುತ್ತದೆ. ಆಗ ಪಡುವಣ ಗಾಳಿಯ ಆರ್ಭಟ, ತೆರೆಗಳು ಎಮ್ಮೆ ಹಿಂಡಿನಂತೆ ನುಗ್ಗುತ್ತವೆ, ದೋಣಿ ಬಿಡುವಂತಿಲ್ಲ. ದಸರೆ ಮುಗಿದ ಮೇಲೆ ಗಾಳಿ ಹದಕ್ಕೆ ಬರುತ್ತದೆ. ಸಂಕ್ರಮಣ ದಾಟುತ್ತಿದ್ದಂತೆ ನೀರು ಹಿಂದೆ ಸರಿಯತೊಡಗಿ, ಶಿವರಾತ್ರಿಗೆಲ್ಲ ದೋಣಿ ಒಣ ಕೆಸರಿನ ಮೇಲೆ ಕೂತಿರುತ್ತದೆ. ಬೇಸಿಗೆಯಲ್ಲಿ ಅದರ ಸುತ್ತ ಜನ ಸೌತೆ, ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಾರೆ. ಅಂದರೆ ಅತ್ತೆಯನ್ನು ಕರೆತರಲು ಮಾಸ್ತರರಿಗಿದ್ದ ಕಾಲ ದಸರೆಯಿಂದ ಸಂಕ್ರಮಣದವರೆಗೆ. ಅದು ತಪ್ಪಿದರೆ ಮತ್ತೆ ಬರುವ ದಸರೆಯೇ.

ಮೊದಲ ದಸರೆಯ ಮರುವಾರ ಪರೀಕ್ಷೆಗೆಂದು ದೋಣಿ ನೀರಿಗಿಳಿಯಿತು. ಒಳಗೆ ಮಾಸ್ತರು, ನಾನು, ಮತ್ತು ದೋಣಿ ಮಾರಿದ ಬೆಸ್ತರ ಅಪ್ಪಾರಾವ್. ನಾನು ಹೋದದ್ದು ಧೈರ್ಯದಿಂದಲ್ಲ. ದಂಡೆಯ ಮೇಲೆ ಶಾಲೆಯ ಮಕ್ಕಳೆಲ್ಲ ನಿಂತಿದ್ದರು, ಹಿಂಜರಿದರೆ ನಾಳೆ ಪಾಠ ಮಾಡುವುದು ಕಷ್ಟವಿತ್ತು. ಹಾಯಿ ಏರಿತು, ಗಾಳಿ ತುಂಬಿತು, ದೋಣಿ ಓಡಿತು. ಅದರ ಸೊಗಸು ಈಗಲೂ ಮೈಗೆ ನೆನಪಿದೆ. ಆದರೆ ನಿಲ್ಲಿಸಬೇಕೆಂದಾಗ ಹಾಯಿ ಇಳಿಯಲಿಲ್ಲ. ಕಂಬದ ತುದಿಯಲ್ಲಿ ಹಗ್ಗ ಹಾಯುವ ಮರದ ರಾಟೆ ಸವೆದು, ಹಗ್ಗ ಅದರ ಸಂದಿಗೆ ಬಿದ್ದು ಕಚ್ಚಿಕೊಂಡಿತ್ತು. ಮೂವರೂ ಜೋತುಬಿದ್ದು ಎಳೆದೆವು. ದೋಣಿ ನಮ್ಮನ್ನು ಲೆಕ್ಕಿಸದೆ ಹೋಗಿ, ನೀರಲ್ಲಿ ಅರ್ಧ ಮುಳುಗಿದ್ದ ಜಾಲಿ ಪೊದೆಗೆ ನುಗ್ಗಿ ನಿಂತಿತು. ಮೈಯೆಲ್ಲ ಮುಳ್ಳು. ಮಕ್ಕಳು ದಂಡೆಯ ಮೇಲೆ ಚಪ್ಪಾಳೆ ತಟ್ಟಿದರು.

ನಾನು ನಗುತ್ತಿದ್ದೆ. ಮಾಸ್ತರು ನಗಲಿಲ್ಲ. ಮನೆಗೆ ಬಂದು ಪಾರವ್ವ ಪಿನ್ನಿನಿಂದ ಮುಳ್ಳು ತೆಗೆಯುತ್ತಿರುವಾಗ ಹೇಳಿದರು: "ಇದ ಹೊತ್ತಿನ್ಯಾಗ ಅತ್ತಿ ಒಳಗ ಇದ್ದಿದ್ರ? ಹೊರಸಿನ ಸುದ್ದಾ ನೀರಪಾಲು. ತುದಿ ಸರಿ ಆಗೂ ಮಟ ಅಕೀನ ಕೂಡಸೂದಿಲ್ಲ." ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಳಿಯನಾದವನು ಹೇಳಬೇಕಾದ ಮಾತೇ. ಪಾರವ್ವನವರ ಮುಖದಲ್ಲಿ ಎಷ್ಟು ಹೆಮ್ಮೆ ಬಂತೆಂದರೆ, ಒಂದು ಮುಳ್ಳನ್ನು ಒಳಗೇ ಮುರಿದರು.

ಹೀಗೆ ತುದಿಯ ಕೆಲಸ ಶುರುವಾಯಿತು. ಮಾಸ್ತರು ಬೇವೂರಿಗೆ ಹೋಗಿ ತಮ್ಮ ಹಳೆಯ ಬಾವಿಯ ಕಬ್ಬಿಣದ ಗಡಗಡಿಯನ್ನು ಬಿಚ್ಚಿಕೊಂಡು ಬಂದರು. ಹೊಲಕ್ಕೆ ಪಂಪು ಬಂದಮೇಲೆ ಅದು ಸುಮ್ಮನೆ ಜೋತಾಡುತ್ತಿತ್ತಂತೆ. ಬಾವಿಯ ಮೇಲೆ ಬಾಳಿದ್ದನ್ನು ದೋಣಿಯ ಮೇಲೆ ಕೂಡಿಸುವವರು ನಮ್ಮವರೇ ಇರಬೇಕು. ಅದರ ಭಾರಕ್ಕೆ ಕಂಬದ ತುದಿ ಸೀಳಿತು. ಸೀಳಿದ್ದಕ್ಕೆ ಕೊಪ್ಪಳದ ಕಮ್ಮಾರ ಹುಸೇನಸಾಬರು ಬಂದರು. ಮಾಸ್ತರರ ಜೀವದ ಗೆಳೆಯರು. ಅವರು ಬಂಡಿಯ ಗಾಲಿಗೆ ಪಟ್ಟಿ ಕೂಡಿಸಿದ ಹಾಗೆಯೇ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಸಿ ತುದಿಗೆ ತೊಡಿಸಿ ನೀರು ಸುರಿದರು. ಹಬೆಯೆದ್ದು ಬಳೆ ಬಿಗಿಯಿತು. ಜೊತೆಗೇ ತುದಿ ಗೇಣುದ್ದ ಸುಟ್ಟು ಕರಿಯಾಯಿತು. ಕರಿಯಾದ್ದನ್ನು ಕೆತ್ತಿದಾಗ ಬಳೆ ಸಡಿಲಾಯಿತು. ಮತ್ತೆ ಬಳೆ. ಮತ್ತೆ ಅಗಸೆ ಎಣ್ಣೆ ತಿಕ್ಕುವುದು, ಒಣಗಿಸುವುದು. ಅಷ್ಟರಲ್ಲಿ ನೀರು ಹಿಂದೆ ಸರಿದಿತ್ತು. ಆ ವರ್ಷ ಪಾರವ್ವ ಬಸ್ಸಿನಲ್ಲಿ ಹೋಗಿ ತಾಯಿಯನ್ನು ನೋಡಿಕೊಂಡು ಬಂದರು.

ಎರಡನೆಯ ವರ್ಷ ಗಡಗಡಿ ಸೊಗಸಾಗಿ ತಿರುಗಿತು. ಹಾಯಿ ಬೆಣ್ಣೆಯಂತೆ ಏರಿತು, ಇಳಿಯಿತು. ಇನ್ನೇನು ಹೊರಟೆವು ಅನ್ನುವಾಗ ಹುಸೇನಸಾಬರು ದಂಡೆಯ ಮೇಲೆ ಬೀಡಿ ಹಚ್ಚಿಕೊಂಡು ಒಂದು ಮಾತು ಅಂದರು. "ಎಲ್ಲಾ ಬರೋಬ್ಬರಿ ಆತು ಮಾಸ್ತರ. ಆದ್ರ ಗಾಳಿ ಯಾ ಕಡಿಂದ ತಿರಗತೈತಿ ಅನ್ನೂದು ನಿಮಗ ಹೆಂಗ ಗೊತ್ತಾಗಬೇಕು? ಮ್ಯಾಲ ಒಂದು ನಿಶಾನಿ ಬೇಕಲ್ಲ."

ಮಾಸ್ತರರು ಚಿತ್ರಗಾರರು ಎಂಬುದನ್ನು ಮರೆಯಬೇಡಿ. ಬಟ್ಟೆಯ ಬಾವುಟ ಕಟ್ಟಿದ್ದರೆ ಮುಗಿಯುತ್ತಿತ್ತು. ಅವರು ತಗಡಿನ ಮೇಲೆ ಗಿಣಿ ಬರೆದರು. ಹುಸೇನಸಾಬರು ಅದನ್ನು ಕತ್ತರಿಸಿದರು. ಹಸಿರು ಬಣ್ಣ, ಕೆಂಪು ಕೊಕ್ಕು, ಕೊರಳಿಗೆ ಗೆರೆ. ಗಾಳಿಗೆ ತಿರುಗಬೇಕಾದದ್ದು ತಿರುಗದೆ ಕಿರ್ರೆಂದು ನಿಂತುಬಿಟ್ಟಾಗ ಸೈಕಲ್ಲಿನ ಗಾಲಿಯ ನಡುವಿನ ಗುಂಡು ತಂದು ಅದರ ಮೇಲೆ ಕೂಡಿಸಿದರು. ಆಮೇಲೆ ನೋಡಬೇಕಿತ್ತು ಗಿಣಿಯ ಕುಣಿತ! ಊರಿಗೆ ಊರೇ ದಂಡೆಗೆ ಬಂದು ತಲೆಯೆತ್ತಿ ನಿಂತಿತು. ಬೇವೂರಿನಿಂದ ಬಂಡಿ ಕಟ್ಟಿಕೊಂಡು ಬಂದ ಮಾಸ್ತರರ ತಂದೆ ಕೂಡ ನೋಡಿ, ತಾಯಿತದ ಮಾತು ಬಿಟ್ಟು, "ಕೊಕ್ಕು ಇನ್ನೊಂಚೂರು ಬಾಗಬೇಕಾಗಿತ್ತು" ಅಂದರು. ಕೊಕ್ಕು ಬಾಗಿಸಲು ಮತ್ತೆ ಕಂಬ ಇಳಿಸಲಾಯಿತು.

ನೀವು ಕೇಳಬಹುದು, ಯಾರೂ ತಡೆಯಲಿಲ್ಲವೇ ಎಂದು. ಇಲ್ಲ. ನಮ್ಮಲ್ಲಿ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರೆ. ನಾವೆಲ್ಲ ಕುಲಾವಿಯ ಚಂದ ನೋಡುತ್ತ ನಿಂತಿದ್ದೆವು. ಅದಕ್ಕೂ ಒಂದು ಕಾರಣವಿದೆ. ಎರೆನೆಲದವರಾದ ನಮಗೆ ದೋಣಿ ಅಂದರೇನೇ ಹಾಯಿ. ಕೆಳಗಿನ ಹಲಗೆಯೆಲ್ಲ ಬರೀ ದೊಡ್ಡ ತೊಟ್ಟಿ. ಎತ್ತಿಲ್ಲದ ಬಂಡಿಯನ್ನು ಯಾರು ಬಂಡಿ ಅನ್ನುತ್ತಾರೆ? ಹಾಗೆ. ಮಾಸ್ತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. "ಗುಡಿ ನೋಡ್ರಿ ಸರ. ಕಳಸ ಸರಿ ಇದ್ರ ಗುಡಿ ಸರಿ. ಇದೂ ಹಂಗ," ಅನ್ನುತ್ತಿದ್ದರು. ನಾನು ಹೌದ್ರಿ ಅನ್ನುತ್ತಿದ್ದೆ. ಆ ಕಾಲದಲ್ಲಿ ನಾನು ಎಲ್ಲದಕ್ಕೂ ಹೌದ್ರಿ ಅನ್ನುತ್ತಿದ್ದೆ.

ಹುಣ್ಣಿಮೆಗೆ ಹುಲಿಗಿಗೆ ಹೋಗುವುದು ಎರಡೂ ದಂಡೆಯವರ ರೂಢಿ. ಹುಲಿಗೆಮ್ಮನ ದರ್ಶನ ಎಷ್ಟೋ ಅಷ್ಟೇ ಮುಖ್ಯ ನೆಂಟರ ದರ್ಶನ. ಪಾರವ್ವನವರ ಸಣ್ಣವ್ವ, ಅಂದರೆ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಆ ಮೈದುನನ ಹೆಂಡತಿ, ಅಲ್ಲಿಗೆ ಬರುತ್ತಿದ್ದಳು. ಪಾರವ್ವ ಅವಳ ಕೈಯಲ್ಲಿ ತಾಯಿಗೆ ಮಾದಲಿಯ ಸಿಹಿ ಕಟ್ಟಿ ಕೊಟ್ಟು, ಮಾತನ್ನೂ ಕಟ್ಟಿ ಕಳಿಸುತ್ತಿದ್ದರು. ಆ ಸಲ ಮಾಸ್ತರರೇ ನಡುವೆ ಬಾಯಿ ಹಾಕಿದರು. "ಅತ್ತಿಗೆ ಹೇಳ್ರಿ, ಈ ಸಲ ಬಂದ ಬರತೀವಿ. ನಮ್ಮ ದೋಣಿ ಗುರುತ ಹಿಡಿಯೂದು ಸಸಾರ. ತುದಿಗೆ ಹಸರ ಗಿಣಿ ಕುಂತಿರತೈತಿ. ನೀರ ಮ್ಯಾಲ ಗಿಣಿ ಕಂಡ್ರ ತಿಳ್ಕೋಬೇಕು, ಅಳಿಯ ಬಂದ ಅಂತ." ಸಣ್ಣವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಪಾರವ್ವನವರೂ ನಕ್ಕರು. ಗಂಡ ಹೆಂಡತಿ ಹಾಗೆ ಜಾತ್ರೆಯ ಮಂದಿಯ ನಡುವೆ ಒಬ್ಬರನ್ನೊಬ್ಬರು ನೋಡಿ ನಕ್ಕದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಆ ವರ್ಷ ಕೈತಪ್ಪಿದ್ದು ದೀಪದಿಂದ. ಬರುವಾಗ ಕತ್ತಲಾದರೆ ಎಂದು ಯಾರೋ ಅಂದರು. ಗಿಣಿಯ ಕೆಳಗೆ ಕೆಂಪು ಗಾಜಿನ ಕಂದೀಲು ಏರಿಸಲು ಇನ್ನೊಂದು ಸಣ್ಣ ಗಡಗಡಿ ಬೇಕಾಯಿತು. ಅದರ ಹಗ್ಗ ಹಾಯಿಯ ಹಗ್ಗಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸಲು ತುದಿಗೆ ಅಡ್ಡಪಟ್ಟಿ ಕೂಡಿಸಬೇಕಾಯಿತು. ಬೇಸಿಗೆಯೆಲ್ಲ ಮಾಸ್ತರು ಕೆಸರಿನಲ್ಲಿ ನಿಂತ ದೋಣಿಯ ಕಂಬಕ್ಕೆ ಏಣಿ ಹಚ್ಚಿ ಮೇಲೇರಿ ಕೂತಿರುತ್ತಿದ್ದರು. ತಲೆಗೆ ಟವೆಲು, ಬಾಯಲ್ಲಿ ಮೊಳೆ. ಸಂಜೆ ಪಾರವ್ವ ಚಹಾ ತೆಗೆದುಕೊಂಡು ಹೋಗಿ ಕೆಳಗೆ ನಿಲ್ಲುತ್ತಿದ್ದರು. ಮೇಲಿಂದ ಮಾಸ್ತರು ಕೂಗುತ್ತಿದ್ದರು, "ನಿಮ್ಮೂರು ಕಾಣತೈತಲೇ ಇಲ್ಲಿಂದ! ನಿಮ್ಮ ಬೇವಿನ ಗಿಡ ಕಾಣತೈತಿ!" ಪಾರವ್ವ ಹಣೆಗೆ ಕೈ ಹಚ್ಚಿ ಮೇಲೆ ನೋಡುತ್ತಿದ್ದರು. ಚಹಾ ಆರಿಹೋಗುತ್ತಿತ್ತು.

ಮುಂದಿನ ಸಲ ದಸರೆಯ ಮೊದಲು ಒಂದು ಸಿಡಿಲು ದಂಡೆಯ ಈಚಲು ಗಿಡಕ್ಕೆ ಬಡಿದು ಅದು ನಿಂತಲ್ಲೇ ಉರಿಯಿತು. ಅಲ್ಲಿಂದ ಕಥೆ ಮುಂದುವರಿಯಿತು ಎಂದು ನೀವು ಊಹಿಸಿರಬೇಕು. ನೀರ ನಡುವೆ ಎತ್ತರದ್ದು ಅಂದರೆ ನಮ್ಮ ಕಂಬವೇ, ಸಿಡಿಲು ಮೊದಲು ಗಿಣಿಗೇ ಬಡಿಯುತ್ತದೆ ಎಂದು ಮಾಸ್ತರರಿಗೆ ನಿದ್ದೆ ಬರದಾಯಿತು. ತಾಮ್ರದ ಮುಳ್ಳೊಂದನ್ನು ಗಿಣಿಗಿಂತ ಮೇಲೆ ನಿಲ್ಲಿಸಿ, ಅಲ್ಲಿಂದ ತಾಮ್ರದ ಪಟ್ಟಿಯನ್ನು ನೀರಿನ ತನಕ ಇಳಿಸಬೇಕೆಂದರು. ದಸರೆ, ದೀಪಾವಳಿ ಎರಡೂ ಮುಗಿದವು. ಸಿಡಿಲಿನ ಕಾಲವೂ ಮುಗಿದಿತ್ತು. ಆದರೂ ಕಂಬ ಶಾಲೆಯ ಜಗಲಿಯ ಬೆಂಚುಗಳ ಮೇಲೆ ಉದ್ದಕ್ಕೆ ಮಲಗಿತ್ತು, ಕೊಪ್ಪಳದಿಂದ ಬರಬೇಕಾದ ತಾಮ್ರದ ಪಟ್ಟಿಯ ದಾರಿ ಕಾಯುತ್ತ.

ಒಂದು ಬೆಳಿಗ್ಗೆ ನಾವು ಅಲ್ಲೇ ಇದ್ದೆವು. ತಣ್ಣನೆಯ ಗಾಳಿ ಆಚೆ ದಂಡೆಯ ಕಡೆಗೇ ಹದವಾಗಿ ಬೀಸುತ್ತಿತ್ತು. ಗಿಣಿ ಬೆಂಚಿನ ಮೇಲೆ ಮಲಗಿದ್ದರೂ ಮೆಲ್ಲಗೆ ತಿರುಗುತ್ತಿತ್ತು. ಹೊಸಪೇಟೆಯ ಬಸ್ಸಿನಲ್ಲಿ ಬಂದ ಒಬ್ಬ ಮನುಷ್ಯ ಮಾಸ್ತರರನ್ನು ಕೇಳಿಕೊಂಡು ಶಾಲೆಯ ಅಂಗಳಕ್ಕೆ ಬಂದ. ಆಚೆ ಊರಿನವನು. ಹಿಂದಿನ ಸಂಜೆ ಮುದುಕಿ ತೀರಿಹೋಗಿದ್ದಳು.

ಬಸ್ಸಿನಲ್ಲೇ ಹೋದೆವು. ನಾನೂ ಜೊತೆಗಿದ್ದೆ. ಪಾರವ್ವ ದಾರಿಯುದ್ದಕ್ಕೂ ಅಳಲಿಲ್ಲ. ಬಸ್ಸು ಆಣೆಕಟ್ಟಿನ ಹತ್ತಿರ ತಿರುಗಿದಾಗ ಕಿಟಕಿಯಿಂದ ಅಷ್ಟೂ ನೀರು ಒಮ್ಮೆಲೇ ಕಂಡಿತು. ಅವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾವು ಮುಟ್ಟಿದಾಗ ಹೊತ್ತು ಇಳಿದಿತ್ತು. ಮಗಳಿಗಾಗಿ ಕಾದಿದ್ದರು. ಮುದುಕಿಯನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ಮಣ್ಣಾಯಿತು. ಆಮೇಲೆ ಕಟ್ಟೆಯ ಮೇಲೆ ಕೂತಾಗ ಸಣ್ಣವ್ವ ಒಂದು ಗಂಟು ತಂದು ಪಾರವ್ವನವರ ಮಡಿಲಿಗಿಟ್ಟಳು. ಒಂದು ಇಳಕಲ್ ಸೀರೆ, ಒಂದು ಕಂಬಳಿ, ಬಾಚಣಿಕೆ.

"ದಸರಿ ಆತಂದ್ರ ಗಂಟು ಕಟ್ಟಸತಿದ್ಲವ್ವಾ," ಅಂದಳು ಸಣ್ಣವ್ವ. "ಮುಂಜಾನಿ ತಲಿ ಬಾಚಿಸ್ಕೊಂಡು, ಹೊರಸು ದಂಡಿಗೆ ಒಯ್ದು ಹಾಕ್ರಿ ಅಂತಿದ್ಲು. ಕಣ್ಣು ಮಂದ ಆಗಿದ್ವು ನೋಡು. ಹಾದು ಹೋಗೂ ಹುಡುಗೂರ್ನ ಕರದು, 'ಗಿಣಿ ಕಾಣತೈತೇನ ನೋಡ್ರಲೇ, ಹಸರ ಗಿಣಿ' ಅಂತ ಕೇಳತಿದ್ಲು. ಬಿಸಲೇರೂ ಮಟ ಕುಂತು, ಆಮ್ಯಾಲ, 'ಇವತ್ತ ಗಾಳಿ ಇಲ್ಲ ಅನಸತೈತಿ, ಒಳಗ ಒಯ್ರಿ' ಅಂತಿದ್ಲು. ಅಳಿಯಗ ಒಂದ ದಿನ ಬೈಲಿಲ್ಲವ್ವಾ."

ಮಾಸ್ತರು ಎದ್ದು ದಂಡೆಗೆ ಹೋದರು. ನಾನು ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದೆ. ಹೊರಸು ಹಾಕುತ್ತಿದ್ದ ಜಾಗದಲ್ಲಿ ಕಾಲುಗಳ ಗುರುತು ಮಣ್ಣಿನಲ್ಲಿ ಕುಳಿಬಿದ್ದಿತ್ತು. ಅವರು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನಮ್ಮ ದಂಡೆಯ ಕಡೆ ನೋಡುತ್ತಿದ್ದರು. ಅಲ್ಲಿಂದ ನಮ್ಮ ಶಾಲೆಯ ಹಂಚು ಕಾಣುತ್ತಿತ್ತು. ಬಿಕ್ಕಿ ಬಿಕ್ಕಿ ಅಳುತ್ತಿದ್ದ ಅವರ ಬೆನ್ನ ಮೇಲೆ ಕೈಯಿಡಲು ನನಗೆ ಧೈರ್ಯವಾಗಲಿಲ್ಲ. ಇಡಬೇಕಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಮಾಸ್ತರು ಕಂಬವನ್ನು ಮುಟ್ಟಲಿಲ್ಲ. ಕೊಪ್ಪಳದಿಂದ ತಾಮ್ರದ ಪಟ್ಟಿ ಬಂದಾಗ ಅದನ್ನು ಹಾಗೇ ಹಿಂದಕ್ಕೆ ಕಳಿಸಿದರು. ಹುಸೇನಸಾಬರು ಬಂದು ಜಗಲಿಯ ಮೇಲೆ ಬಹಳ ಹೊತ್ತು ಕೂತು, ಬೀಡಿ ಸೇದಿ ಎದ್ದು ಹೋದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಪಾರವ್ವ ಗಂಡನ ಮೇಲೆ ಸಿಟ್ಟಾಗಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅನ್ನ ಬಡಿಸುವಾಗ ತುಪ್ಪ ಮೊದಲಿನಷ್ಟೇ ಹಾಕುತ್ತಿದ್ದರು. ಆದರೆ ಅವ್ವನ ಮೂಲೆಯಲ್ಲಿ ಒಂದು ದಿನ ಜೋಳದ ಚೀಲ ಬಂದು ಕೂತಿತು.

ಮರುವರ್ಷ ಎಳ್ಳಮಾವಾಸ್ಯೆಯ ಹಿಂದಿನ ವಾರ, ಗಾಳಿಯ ಸುಳಿವೇ ಇಲ್ಲದ ಒಂದು ಮುಂಜಾನೆ, ಪಾರವ್ವ ತಾವೇ ಬೆಸ್ತರ ಗುಡಿಸಲಿಗೆ ಹೋಗಿ ಅಪ್ಪಾರಾವನನ್ನು ಕೇಳಿದರು: "ಆ ಕಡೆ ಒಯ್ದು ಬಿಡ್ತೀಯೇನಪಾ ನಮ್ಮನ್ನ? ಗಾಳಿ ಇಲ್ಲಲ್ಲ, ಆಗತೈತೋ ಇಲ್ಲೋ?"

"ಗಾಳಿ ಯಾಕಮ್ಮಾ? ನಾನು, ನಮ್ಮ ತಮ್ಮುಡು ಹುಟ್ಟು ಹಾಕ್ತೀವಿ," ಅಂದ ಅಪ್ಪಾರಾವ್.

ದೋಣಿಯ ಜೊತೆ ಬಂದಿದ್ದ ಎರಡು ಹುಟ್ಟುಗಳನ್ನು ಹುಡುಕಿದೆವು. ಒಂದು ಅಟ್ಟದ ಮೇಲಿತ್ತು. ಇನ್ನೊಂದನ್ನು ಇಷ್ಟು ವರ್ಷ ಹಿತ್ತಿಲಲ್ಲಿ ಅಡ್ಡ ಕಟ್ಟಿ ಪಾರವ್ವ ಸೀರೆ ಒಣಗಹಾಕುತ್ತಿದ್ದರು. ಅದನ್ನು ಬಿಚ್ಚುವಾಗ ಅವರ ಕೈ ನಿಧಾನವಾಯಿತು. "ನೀವೂ ಬರ್ರಿ," ಅಂದರು ಗಂಡನಿಗೆ. ಮಾಸ್ತರು ಚಪ್ಪಲಿ ಮೆಟ್ಟಿ ಹಿಂದೆ ಹೊರಟರು. ನನ್ನನ್ನೂ ಕರೆದರು.

ಕಂಬವಿಲ್ಲದ ದೋಣಿ, ಕಂಬವಿದ್ದ ಜಾಗದಲ್ಲಿ ಒಂದು ತೂತು. ಅದರ ಪಕ್ಕದಲ್ಲೇ ಪಾರವ್ವ ಹೊರಡುವ ಮುನ್ನ ಬಡಿದ ರೊಟ್ಟಿಯ ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತರು. ಹೊಳೆ ಅಲ್ಲಾಡುತ್ತಿರಲಿಲ್ಲ. ಅಣ್ಣ ತಮ್ಮಂದಿರು ತಮ್ಮ ಭಾಷೆಯಲ್ಲಿ ಮನೆಯ ಮಾತು ಆಡುತ್ತ, ಅವಸರವಿಲ್ಲದೆ ಹುಟ್ಟು ಹಾಕಿದರು. ನಾನು ಏನೋ ದೊಡ್ಡ ಪ್ರಯಾಣಕ್ಕೆ ಸಿದ್ಧನಾಗಿ ಕೂತಿದ್ದೆ. ಬೇವಿನ ಗಿಡ ದೊಡ್ಡದಾಯಿತು, ಮನೆಗಳು ಬಂದವು, ಎಮ್ಮೆ ತೊಳೆಯುವವನ ಮುಖ ಕಂಡಿತು. ಹಲಗೆ ಮಣ್ಣಿಗೆ ತಾಗಿತು. ಅಷ್ಟೇ. ಮುಟ್ಟಿದ್ದೆವು.

ಪಾರವ್ವ ಇಳಿಯಲಿಲ್ಲ. ಬುತ್ತಿಯ ಅರಿವೆಯ ಒಳಗೆ ಕೈಹಾಕಿ ರೊಟ್ಟಿಯನ್ನು ಮುಟ್ಟಿ ನೋಡಿದರು. ಮತ್ತೆ ಮುಟ್ಟಿದರು.

"ಇನ್ನೂ ಬೆಚ್ಚಗ ಅದಾವ್ರಿ," ಅಂದರು ಗಂಡನಿಗೆ. ಬೈದ ಹಾಗಿರಲಿಲ್ಲ, ಸಣ್ಣದೊಂದು ಸುದ್ದಿ ಹೇಳಿದ ಹಾಗಿತ್ತು. ಮಾಸ್ತರು ತಲೆ ತಗ್ಗಿಸಿ ದೋಣಿಯ ತಳದಲ್ಲಿ ನಿಂತಿದ್ದ ನೀರನ್ನು ನೋಡುತ್ತಿದ್ದರು. ನನಗೆ ನನ್ನ ಎಲ್ಲ ಹೌದ್ರಿಗಳೂ ನೆನಪಿಗೆ ಬಂದವು. ಆ ರೊಟ್ಟಿಯನ್ನು ಸಣ್ಣವ್ವನ ಮನೆಯಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು. 

ಮಾಸ್ತರು ನಿವೃತ್ತರಾಗಿ ಕೆಲವು ವರ್ಷಕ್ಕೆ ಹೋಗಿಬಿಟ್ಟರು. ನನಗೆ ಅಷ್ಟರಲ್ಲಿ ವರ್ಗವಾಗಿತ್ತು. ಪಾರವ್ವ ಈಗ ಗಂಗಾವತಿಯಲ್ಲಿ ಮಾಸ್ತರರ ತಮ್ಮನ ಮಗನ ಮನೆಯಲ್ಲಿದ್ದಾರೆ. ಹೋಗಿ ನೋಡಬೇಕು ಎಂದುಕೊಂಡು ಕಾಲ ಕಳೆದಿದೆ. ಹೋದ ತಿಂಗಳು ನನ್ನ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದಕ್ಕೆ ತಡವಿದೆ. ಎರಡೂ ಕಣ್ಣು ಸರಿಯಾಗಲಿ, ಪಾರವ್ವಕ್ಕನನ್ನು ಚೆನ್ನಾಗಿ ನೋಡಿ ಬಂದರಾಯಿತು ಎಂದು ಹೆಂಡತಿಗೆ ಹೇಳಿದ್ದೆ. ಇವತ್ತು ಬೆಳಿಗ್ಗೆ ಇದನ್ನೆಲ್ಲ ನೆನೆಯುತ್ತ ಕೂತವನಿಗೆ ನನ್ನದೇ ಆ ಮಾತು ಕಿವಿಯಲ್ಲಿ ಬೇರೆ ಥರ ಕೇಳಿತು. ಎದ್ದು ಅಂಗಿ ತೊಟ್ಟೆ. "ಈ ಕಣ್ಣಾಗ ಎಲ್ಲಿಗ್ರಿ?" ಅಂತ ಹೆಂಡತಿ ಬಾಗಿಲ ತನಕ ಬೈಯುತ್ತ ಬಂದಳು. ಒಂದು ಕಣ್ಣಿನಲ್ಲಿ ಬಸ್ಸಿನ ಬೋರ್ಡು ಓದಿ ಗಂಗಾವತಿಗೆ ಹತ್ತಿದೆ.

ಪಾರವ್ವಕ್ಕ ಬಾಗಿಲಲ್ಲೇ ಕೂತಿದ್ದರು. ಸಣ್ಣಗಾಗಿದ್ದಾರೆ. ದನಿ ಕೇಳಿಯೇ ಗುರುತು ಹಿಡಿದರು. ನನ್ನ ಕಪ್ಪು ಕನ್ನಡಕ ನೋಡಿ ಕಾರಣ ಕೇಳಿದರು, ಹೇಳಿದೆ.

"ಇನ್ನೊಂದ ಕಣ್ಣೂ ಮಾಡಿಸ್ಕೊಂಡ ಬರಬೇಕಿಲ್ರಿ ಸರ. ಏನ್ ಅವಸರ ಇತ್ತು?"

"ಅದರ ದಾರಿ ಕಾಯ್ಕೋತ ಕುಂತ್ರ ಆಗೂದಿಲ್ಲ ಅನಿಸ್ತಕ್ಕಾ," ಅಂದೆ.

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಈ ಮಾತು ಅವರಿಗೆ ನಾನ ಹೇಳಬೇಕಾಗಿತ್ರಿ," ಅಂದರು. "ಹೇಳಬೇಕಂತ ಎಷ್ಟೋ ಸಲ ದಂಡಿಗೆ ಬಂದೀನಿ. ಅವರು ಮ್ಯಾಲ ಏರಿ ಕುಂತಿರತಿದ್ರು. ನನ್ನ ನೋಡಿದ ಕೂಡ್ಲೆ ಸಣ್ಣ ಹುಡುಗನಂಗ ನಗತಿದ್ರು. ಆ ನಗಿ ನೋಡಿ, ಸಾಕು ಇಳೀರಿ ಅನ್ನಾಕ ನನಗ ಬಾಯಿ ಬರಲಿಲ್ಲ ಸರ. ಆ ದಂಡ್ಯಾಗ ನಮ್ಮವ್ವ ಕುಂತಿದ್ಲು."